ಕಲಬುರಗಿಯಲ್ಲೇ ಕೂತು ವಿಶ್ವ ಸಾಹಿತ್ಯದ ಸಂಶೋಧನೆ: ಎಲ್ಲಿಂದ ಶುರು ಮಾಡಬೇಕು?

"ಸರ್, ವಿಶ್ವ ಸಾಹಿತ್ಯದ ಮ್ಯಾಲೆ ಪಿಎಚ್‌ಡಿ ಮಾಡ್ಬೇಕಂದ್ರ ಇಂಗ್ಲಿಷ್ ಭಾಳ ಛಲೋ ಬರ್ಬೇಕಲ್ರಿ?"

ಚಿತ್ತಾಪುರ ಕಡೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ಇದು. ಕನ್ನಡ ಎಂ.ಎ. ಕೊನೆಯ ಸೆಮಿಸ್ಟರ್‌ನಲ್ಲಿದ್ದಳು. "ನಿನಗ ಎಷ್ಟು ಭಾಷೆ ಬರ್ತಾವವ್ವಾ?" ಅಂದೆ. "ಕನ್ನಡ ಬರ್ತದ್ರಿ. ಇಂಗ್ಲಿಷ್ ಸ್ವಲ್ಪ." ಅಷ್ಟೇ ಹೇಳಿ ಸುಮ್ಮನಾದಳು. ಆಮೇಲೆ ಮಾತಾಡುತ್ತಾ ಗೊತ್ತಾಯಿತು, ಅವಳ ಮನೆಯಲ್ಲಿ ದಖನಿ (ನಮ್ಮ ಕಡೆಯ ಉರ್ದು) ಮಾತಾಡುತ್ತಾರೆ. ಉರ್ದು ಅಕ್ಷರ ಓದಲು ಬರುತ್ತದೆ. ಹಿಂದಿ ಶಾಲೆಯಲ್ಲಿ ಓದಿದ್ದಾಳೆ. ಪಕ್ಕದ ಮನೆಯವರ ಜೊತೆ ತೆಲುಗು ಮಾತಾಡುತ್ತಾಳೆ. ಇವು ಯಾವುದೂ ಅವಳ ಲೆಕ್ಕದಲ್ಲಿ ಇರಲಿಲ್ಲ.

ಈ ಲೇಖನ ಅಂಥವರಿಗಾಗಿ. ಕಲಬುರಗಿ, ಬೀದರ್, ಯಾದಗಿರಿ ಕಡೆ ಕನ್ನಡವನ್ನೋ ಇಂಗ್ಲಿಷನ್ನೋ ಉರ್ದುವನ್ನೋ ಓದುತ್ತಿರುವವರು, ಸಂಶೋಧನೆ ಮಾಡಬೇಕು ಅಂತ ಆಸೆ ಇದ್ದು ಹೆದರಿ ನಿಂತವರು, ಕಾಲೇಜಿನಲ್ಲಿ ವಿಶ್ವ ಸಾಹಿತ್ಯದ ಪತ್ರಿಕೆ ಪಾಠ ಮಾಡಬೇಕಾಗಿ ಬಂದವರು ಓದಲಿ ಅಂತ ಬರೆಯುತ್ತಿದ್ದೇನೆ. ಇಲ್ಲಿ ಹೇಳುವುದೆಲ್ಲ ನಾನು ಮಾಡಿ ನೋಡಿದ ಕ್ರಮ. ಕೆಲವನ್ನು ತಪ್ಪು ಮಾಡಿಯೇ ಕಲಿತೆ.

ಮೊದಲ ಕೆಲಸ: ನಿಮ್ಮ ಭಾಷೆಗಳನ್ನು ಎಣಿಸಿ

ಒಂದು ಹಾಳೆ ತೆಗೆದುಕೊಳ್ಳಿ. ನಾಲ್ಕು ಕಾಲಮ್ ಹಾಕಿ. ಕೇಳಿದರೆ ಅರ್ಥ ಆಗುವ ಭಾಷೆ, ಮಾತಾಡಲು ಬರುವ ಭಾಷೆ, ಓದಲು ಬರುವ ಭಾಷೆ, ಬರೆಯಲು ಬರುವ ಭಾಷೆ. ಮನೆಮಾತನ್ನು ಬಿಡಬೇಡಿ. ತಾಂಡಾದಿಂದ ಬಂದವರು ಲಂಬಾಣಿ ಬರೆಯಿರಿ. ಅದಕ್ಕೆ ತನ್ನದೇ ಲಿಪಿ ಇಲ್ಲ ಅಂತ ಅದು ಭಾಷೆ ಅಲ್ಲದೆ ಹೋಗುವುದಿಲ್ಲ. ಆಳಂದ, ಬಸವಕಲ್ಯಾಣ, ಭಾಲ್ಕಿ ಕಡೆಯವರಿಗೆ ಮರಾಠಿ ಇರುತ್ತದೆ. ಸೇಡಂ, ಗುರುಮಠಕಲ್ ಕಡೆಯವರಿಗೆ ತೆಲುಗು ಇರುತ್ತದೆ.

ಬೇರೆ ಬೇರೆ ಭಾಷೆಯ ಕೃತಿಗಳನ್ನು ಹೋಲಿಸಿ ಓದುವ ತೌಲನಿಕ ಸಾಹಿತ್ಯದಲ್ಲಿ ದೊಡ್ಡ ಬಂಡವಾಳ ಅಂದರೆ ಭಾಷೆ. ಬೇರೆ ಊರಿನ ವಿದ್ಯಾರ್ಥಿ ಎರಡು ವರ್ಷ ಕೂತು ಕಲಿಯುವ ಉರ್ದು ನಮ್ಮ ಹುಡುಗರಿಗೆ ಬೀದಿಯಲ್ಲೇ ಸಿಕ್ಕಿರುತ್ತದೆ. ಮಾತು ಬಂದು ಲಿಪಿ ಬರದಿದ್ದರೆ ಮೂರು ತಿಂಗಳು ದಿನಕ್ಕೆ ಅರ್ಧ ಗಂಟೆ ಕೊಡಿ. ಉರ್ದು ಲಿಪಿ ಬಂತು ಅಂದರೆ ಪಾರ್ಸಿ (ಪರ್ಷಿಯನ್) ಅಕ್ಷರವೂ ಅರ್ಧ ಬಂದ ಹಾಗೆ. ನಾಗರಿ ಬಂದವರಿಗೆ ಮರಾಠಿ, ಹಿಂದಿ, ಸಂಸ್ಕೃತ ಮೂರರ ಪುಸ್ತಕವೂ ತೆರೆದುಕೊಳ್ಳುತ್ತದೆ. ಇಂಗ್ಲಿಷ್ ಬೇಕು, ಇಲ್ಲ ಅನ್ನುವುದಿಲ್ಲ. ವಿಮರ್ಶೆಯ ಪುಸ್ತಕಗಳು ಜಾಸ್ತಿ ಅದರಲ್ಲೇ ಇವೆ. ಆದರೆ ಓದಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್ ಇದ್ದರೆ ಶುರು ಮಾಡಬಹುದು. ಉಳಿದದ್ದು ಓದುತ್ತಾ ಬರುತ್ತದೆ.

ಎರಡನೆಯದು: ಎರಡು ಹೆಸರು ಸೇರಿಸಿದರೆ ವಿಷಯ ಆಗುವುದಿಲ್ಲ

ನನ್ನ ಮೊದಲ ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ತಿರಸ್ಕಾರ ಆಯಿತು. ಒಬ್ಬ ಕನ್ನಡ ಕವಿ, ಒಬ್ಬ ಇಂಗ್ಲಿಷ್ ಕವಿ, ನಡುವೆ "ಒಂದು ತೌಲನಿಕ ಅಧ್ಯಯನ". ಸಮಿತಿಯಲ್ಲಿದ್ದ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು. "ಇವರಿಬ್ಬರನ್ನೇ ಯಾಕ ತಗೊಂಡ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇಬ್ಬರೂ ಪ್ರಕೃತಿಯ ಬಗ್ಗೆ ಬರೆದಿದ್ದಾರೆ ಅಂದೆ. ಪ್ರಕೃತಿಯ ಬಗ್ಗೆ ಬರೆಯದ ಕವಿ ಯಾರಿದ್ದಾರೆ?

ಆಗ ಬೇಜಾರಾಗಿತ್ತು. ಈಗ ಆ ಪ್ರಶ್ನೆಯನ್ನೇ ನಾನು ನನ್ನ ವಿದ್ಯಾರ್ಥಿಗಳಿಗೆ ಮೊದಲು ಕೇಳುತ್ತೇನೆ. ಹೋಲಿಕೆಗೆ ಕಾರಣ ಬೇಕು. ಒಳ್ಳೆಯ ಕಾರಣ ಯಾವುದು? ನನ್ನ ಅನುಭವದಲ್ಲಿ ಅತ್ಯಂತ ಗಟ್ಟಿಯಾದದ್ದು ಪ್ರಯಾಣ. ಒಂದು ಕೃತಿ, ಒಂದು ಪ್ರಕಾರ, ಒಂದು ಕಥೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗಿದೆ. ಹೋಗುವಾಗ ಏನೋ ಬದಲಾಗಿದೆ. ಏನು ಬದಲಾಯಿತು, ಯಾಕೆ ಬದಲಾಯಿತು ಅಂತ ಕೇಳಿ. ಅಲ್ಲಿಗೆ ನಿಮ್ಮ ವಿಷಯ ಹುಟ್ಟಿತು.

"ವಿಶ್ವ ಸಾಹಿತ್ಯ" ಅನ್ನುವ ಮಾತಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಜರ್ಮನ್ ಕವಿ ಗಯಟೆ 1827ರಲ್ಲಿ ತನ್ನ ಒಡನಾಡಿ ಎಕರ್‌ಮನ್ ಜೊತೆ ಮಾತಾಡುವಾಗ ವಿಶ್ವ ಸಾಹಿತ್ಯದ ಕಾಲ ಬರುತ್ತಿದೆ ಅಂದ. ಆ ದಿನಗಳಲ್ಲಿ ಅವನು ಒಂದು ಚೀನೀ ಕಾದಂಬರಿ ಓದುತ್ತಿದ್ದ, ಅದೂ ಅನುವಾದದಲ್ಲಿ. ರವೀಂದ್ರನಾಥ ಠಾಕೂರರು 1907ರಲ್ಲಿ ಕಲ್ಕತ್ತದಲ್ಲಿ ಇದೇ ವಿಷಯದ ಮೇಲೆ ಭಾಷಣ ಮಾಡಿ, ತೌಲನಿಕ ಸಾಹಿತ್ಯವನ್ನು ತಾವು ವಿಶ್ವಸಾಹಿತ್ಯ ಅಂತ ಕರೆಯುತ್ತೇವೆ ಅಂದರು. ನಮ್ಮ ದೇಶದಲ್ಲಿ ಇದಕ್ಕೆ ಅಂತಲೇ ಒಂದು ವಿಭಾಗ ಶುರುವಾದದ್ದು 1956ರಲ್ಲಿ, ಜಾದವಪುರ ವಿಶ್ವವಿದ್ಯಾಲಯದಲ್ಲಿ. ಕವಿ ಬುದ್ಧದೇವ ಬಸು ಅದನ್ನು ಕಟ್ಟಿದರು. ಹತ್ತಿರದ ಕಾಲದಲ್ಲಿ ಡೇವಿಡ್ ಡ್ಯಾಮ್ರಾಷ್ ಅನ್ನುವ ವಿದ್ವಾಂಸ 2003ರ ತನ್ನ ಪುಸ್ತಕದಲ್ಲಿ, ಹುಟ್ಟಿದ ಊರು ಬಿಟ್ಟು ಹೊರಗೆ ಓಡಾಡುವ ಕೃತಿಗಳೇ ವಿಶ್ವ ಸಾಹಿತ್ಯ ಎಂಬ ಅರ್ಥದಲ್ಲಿ ವಾದಿಸಿದ. ಸಿದ್ಧಾಂತಕ್ಕೆ ಶುರುವಿನಲ್ಲಿ ಗಯಟೆ, ಠಾಕೂರ್, ಡ್ಯಾಮ್ರಾಷ್ ಈ ಮೂವರು ಸಾಕು. ಒಂದು ವರ್ಷ ಪೂರ್ತಿ ಸಿದ್ಧಾಂತ ಓದುತ್ತಾ ಕೂತು ಕೃತಿಯನ್ನೇ ಮುಟ್ಟದವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ.

ಮೂರನೆಯದು: ವಿಷಯ ಹುಡುಕಲು ನಮ್ಮ ಊರುಗಳನ್ನೇ ಸುತ್ತಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ನಮ್ಮ ಹುಡುಗರಿಗೆ ಇದು ಗೊತ್ತಿಲ್ಲ ಅನ್ನುವುದು ನನಗೆ ನಿಜವಾಗಿ ನೋವಿನ ವಿಷಯ.

ಸೇಡಂ ದಾರಿಯಲ್ಲಿ ಮಳಖೇಡ ಇದೆ. ಕಾಗಿಣಾ ನದಿಯ ದಂಡೆ. ರಾಷ್ಟ್ರಕೂಟರ ಮಾನ್ಯಖೇಟ. ಸುಮಾರು ಕ್ರಿ.ಶ. 850ರಲ್ಲಿ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಕವಿರಾಜಮಾರ್ಗ ಬರೆದ. ಅದು ಕನ್ನಡದಲ್ಲಿ ಸಿಕ್ಕಿರುವ ಮೊದಲ ಗ್ರಂಥ ಅಂತ ಎಲ್ಲರೂ ಪರೀಕ್ಷೆಗೆ ಬರೆದಿದ್ದೇವೆ. ಅದಕ್ಕೆ ಆಧಾರ ದಂಡಿಯ ಸಂಸ್ಕೃತ ಕಾವ್ಯಾದರ್ಶ ಅಂತಲೂ ಬರೆದಿದ್ದೇವೆ. ಅಲ್ಲಿಗೆ ನಿಲ್ಲಿಸಿಬಿಡುತ್ತೇವೆ. ಆದರೆ ದಂಡಿಯ ಅದೇ ಪುಸ್ತಕ ಸಿಂಹಳಕ್ಕೆ ಹೋಗಿ ಸಿಯಬಸಲಕರ ಆಯಿತು. ತಮಿಳಿಗೆ ಹೋಗಿ ದಂಡಿಯಲಂಕಾರಂ ಆಯಿತು. 13ನೇ ಶತಮಾನದಲ್ಲಿ ಟಿಬೆಟ್ಟಿನ ಭಾಷೆಗೂ ಹೋಯಿತು, ಅಲ್ಲಿನ ಪಂಡಿತರು ಶತಮಾನಗಟ್ಟಲೆ ಅದನ್ನು ಪಾಠ ಮಾಡಿದರು. ಅಂದರೆ ಮಳಖೇಡದಲ್ಲಿ ನಡೆದ ಕೆಲಸ ಶ್ರೀಲಂಕಾದಿಂದ ಟಿಬೆಟ್ಟಿನ ತನಕ ಹಬ್ಬಿದ ಒಂದು ದೊಡ್ಡ ಓದಿನ ಭಾಗ.

ಈಗ ಪ್ರಶ್ನೆ ಕೇಳಿ. ದಂಡಿ ವೈದರ್ಭ, ಗೌಡ ಅಂತ ಎರಡು ಮಾರ್ಗ (ಕಾವ್ಯದ ಶೈಲಿ) ಹೇಳುತ್ತಾನೆ. ಕವಿರಾಜಮಾರ್ಗ ಅದನ್ನು ದಕ್ಷಿಣ, ಉತ್ತರ ಅಂತ ಮಾಡಿಕೊಂಡಿತು. ಜೊತೆಗೆ ಕನ್ನಡ ನಾಡು ಕಾವೇರಿಯಿಂದ ಗೋದಾವರಿ ತನಕ ಅಂತ ಗಡಿ ಹೇಳಿತು, ಸಂಸ್ಕೃತ ಪದ ಕನ್ನಡ ಪದ ಹೇಗೆ ಬೆರೆಸಬೇಕು ಅಂತ ಚರ್ಚಿಸಿತು. ಇವು ದಂಡಿಯಲ್ಲಿ ಇಲ್ಲ. ಸಿಂಹಳದವರು ತಮ್ಮ ಭಾಷೆಯ ಬಗ್ಗೆ ಹೀಗೇ ಯೋಚಿಸಿದರಾ? ತಮಿಳಿನವರು? ಒಂದೇ ಮೂಲದಿಂದ ಈ ಭಾಷೆಗಳು ಏನು ತಗೊಂಡವು, ಏನು ಬಿಟ್ಟವು? ಇಷ್ಟು ಪ್ರಶ್ನೆ ಒಂದು ಪಿಎಚ್‌ಡಿಗೆ ಧಾರಾಳವಾಗಿ ಸಾಕು.

ಕಲಬುರಗಿಗೇ ಬನ್ನಿ. ಬಹಮನಿ ಸುಲ್ತಾನರ ರಾಜಧಾನಿ ಇಲ್ಲಿದ್ದಾಗ, 14ನೇ ಶತಮಾನದ ಕೊನೆಯಲ್ಲಿ, ಶೀರಾಜದ ಕವಿ ಹಾಫಿಜನಿಗೆ ಇಲ್ಲಿಂದ ಕರೆ ಹೋಗಿತ್ತು. ದಾರಿ ಖರ್ಚಿಗೆ ಹಣವೂ ಹೋಗಿತ್ತು. ಅವನು ಹೊರಟು ಹೋರ್ಮುಜ್ ಬಂದರಿನ ತನಕ ಬಂದ. ಹಡಗು ಹತ್ತಿದ. ಬಿರುಗಾಳಿ ಎದ್ದಿತು. ಹೆದರಿ ಇಳಿದು ವಾಪಸ್ ಹೋದ, ತನ್ನ ಬದಲು ಒಂದು ಗಜಲ್ ಕಳಿಸಿದ. 17ನೇ ಶತಮಾನದ ಆರಂಭದಲ್ಲಿ ವಿಜಯಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಬರೆದಿಟ್ಟ ಕಥೆ ಇದು. ನಾಲ್ಕು ನೂರು ವರ್ಷ ಕಳೆದ ಮೇಲೆ ಅದೇ ಹಾಫಿಜನ ಕವಿತೆಗಳನ್ನು ಜರ್ಮನ್ ಅನುವಾದದಲ್ಲಿ ಓದಿ ಗಯಟೆ 1819ರಲ್ಲಿ ತನ್ನ ದಿವಾನ್ ಅನ್ನುವ ಕವನ ಸಂಕಲನ ಪ್ರಕಟಿಸಿದ. ವಿಶ್ವ ಸಾಹಿತ್ಯ ಎಂಬ ಮಾತು ಆಡಿದ ಮನುಷ್ಯನೂ, ಕಲಬುರಗಿಯ ಸುಲ್ತಾನನೂ ಒಬ್ಬನೇ ಕವಿಯನ್ನು ಬಯಸಿದ್ದರು. ಕೋಟೆ ಹತ್ತಿರ ಓಡಾಡುವಾಗ ನನಗೆ ಈ ಮಾತು ಪ್ರತಿ ಸಲ ನೆನಪಾಗುತ್ತದೆ.

ಬೀದರ್‌ಗೆ ಹೋಗಿ. ಇರಾನಿನ ಗಿಲಾನಿನಿಂದ ಬಂದ ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂದೆ ನಿಂತು ಗೋಡೆಯ ಅಂಚಿನ ಅಕ್ಷರ ನೋಡಿ. ಅವನು ಬರೆದ ಪಾರ್ಸಿ ಪತ್ರಗಳ ಸಂಗ್ರಹ ಈಗಲೂ ಇದೆ. ಊರ ಹೊರಗೆ ಅಷ್ಟೂರಿನ ಅಹಮದ್ ಷಾ ಗೋರಿಯೊಳಗೆ ಹೋದರೆ ಇರಾನಿನ ಸೂಫಿ ಷಾ ನೇಮತುಲ್ಲಾನ ಕವಿತೆಯನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದ್ದಾರೆ. ಟಾರ್ಚ್ ತಗೊಂಡು ಹೋಗಿ, ಒಳಗೆ ಕತ್ತಲೆ. ದಖನಿಯಲ್ಲಿ ಸಿಕ್ಕಿರುವ ಅತಿ ಹಳೆಯ ದೊಡ್ಡ ಕಾವ್ಯ, ನಿಜಾಮಿಯ ಕದಮ್ ರಾವ್ ಪದಮ್ ರಾವ್, ಬಹಮನಿಗಳ ಕಾಲದ್ದು. ಬಸವಕಲ್ಯಾಣದಲ್ಲಿ ವಚನಕಾರರಿಗೆ ಮುಂಚೆ ಕಾಶ್ಮೀರದ ಬಿಲ್ಹಣ ಬಂದು ಚಾಲುಕ್ಯ ರಾಜ ವಿಕ್ರಮಾದಿತ್ಯನ ಮೇಲೆ ಸಂಸ್ಕೃತ ಕಾವ್ಯ ಬರೆದಿದ್ದ.

ಒಂದು ನೋಟ್‌ಬುಕ್ ಇಟ್ಟುಕೊಂಡು ಇವುಗಳಲ್ಲಿ ಒಂದೊಂದು ಊರಿಗೆ ಒಂದೊಂದು ಭಾನುವಾರ ಹೋಗಿ ಬನ್ನಿ. ನೋಡಿದ್ದು ಬರೆಯಿರಿ. ಮೂರು ತಿಂಗಳಲ್ಲಿ ನಿಮಗೇ ಒಂದು ಪ್ರಶ್ನೆ ಕಾಡಲು ಶುರುವಾಗುತ್ತದೆ.

ನಾಲ್ಕನೆಯದು: ಒಂದು ಚಿಕ್ಕ ವಿಷಯವನ್ನು ಹತ್ತಿರದಿಂದ ನೋಡುವ ಅಭ್ಯಾಸ

ಗಜಲ್ ತಗೊಳ್ಳಿ. ಅರಬ್ಬಿಯಲ್ಲಿ ಹುಟ್ಟಿತು, ಪಾರ್ಸಿಯಲ್ಲಿ ಬೆಳೆಯಿತು, ದಖನಿಗೆ ಬಂತು, ಉರ್ದುವಿನಲ್ಲಿ ಮನೆ ಮಾಡಿತು. 1821ರಲ್ಲಿ ಪ್ಲಾಟೆನ್ ಅನ್ನುವ ಕವಿ ಜರ್ಮನ್‌ನಲ್ಲಿ ಗಜಲ್ ಬರೆದ. ನಮ್ಮಲ್ಲಿ ರಾಯಚೂರಿನ ಶಾಂತರಸರು ಕನ್ನಡಕ್ಕೆ ತಂದು ನೆಲೆ ನಿಲ್ಲಿಸಿದರು. ಇವತ್ತು ಕಲ್ಯಾಣ ಕರ್ನಾಟಕದ ಯಾವ ಕವಿಗೋಷ್ಠಿಗೆ ಹೋದರೂ ಒಂದಾದರೂ ಕನ್ನಡ ಗಜಲ್ ಕೇಳುತ್ತೀರಿ.

ಇದರ ಕಟ್ಟು ಗೊತ್ತಲ್ವಾ? ಎರಡು ಸಾಲಿನ ಒಂದೊಂದು ಪದ್ಯಕ್ಕೆ ಶೇರ್ ಅಂತಾರೆ. ಮೊದಲ ಶೇರ್ ಮತ್ಲಾ. ಅದರ ಎರಡೂ ಸಾಲಿನ ಕೊನೆಗೆ ಒಂದೇ ಪದ ಬರಬೇಕು, ಅದು ರದೀಫ್. ಅದರ ಹಿಂದೆ ಪ್ರಾಸ ಬರಬೇಕು, ಅದು ಕಾಫಿಯಾ. ಆಮೇಲಿನ ಶೇರ್‌ಗಳಲ್ಲಿ ಎರಡನೇ ಸಾಲಿನಲ್ಲಿ ಮಾತ್ರ. ಪಾಠಕ್ಕಾಗಿ ನಾನೇ ಕಟ್ಟಿದ ಒಂದು ಮತ್ಲಾ ನೋಡಿ:

ಮುಗಿಲು ನೋಡುತ ಕೂತಿದೆ ನಮ್ಮ ತೊಗರಿ ಹೊಲ ಇಂದಿಗೂ
ಬಿತ್ತಿದವನ ಹೆಸರು ಮರೆತಿಲ್ಲ ಈ ಕರಿ ನೆಲ ಇಂದಿಗೂ

"ಇಂದಿಗೂ" ರದೀಫ್. "ಹೊಲ", "ನೆಲ" ಕಾಫಿಯಾ. ಸುಲಭ ಅನ್ನಿಸುತ್ತದೆ. ಈಗ "ಇಂದಿಗೂ" ತೆಗೆದು ಅಲ್ಲಿ ಒಂದು ಕ್ರಿಯಾಪದ ಹಾಕಿ ನೋಡಿ. ಉರ್ದುವಿನಲ್ಲಿ "ಹೈ" ಅಂತ ರದೀಫ್ ಇಟ್ಟರೆ ಅವನು, ಅವಳು, ಅದು, ಮೂರಕ್ಕೂ ಅದೇ ಓಡುತ್ತದೆ. ಕನ್ನಡದಲ್ಲಿ "ಇದ್ದಾನೆ", "ಇದ್ದಾಳೆ", "ಇದೆ" ಅಂತ ಬದಲಾಗಿಬಿಡುತ್ತದೆ. ಪ್ರತಿ ಶೇರ್‌ನಲ್ಲೂ ಕರ್ತೃ ಬೇರೆ ಇದ್ದರೆ ರದೀಫ್ ಒಡೆಯುತ್ತದೆ. ಹಾಗಾದರೆ ಕನ್ನಡ ಗಜಲ್‌ಕಾರರು ಯಾವ ಪದಗಳನ್ನು ರದೀಫ್ ಮಾಡುತ್ತಾರೆ? ಐವತ್ತು ಗಜಲ್ ತಗೊಂಡು ಪಟ್ಟಿ ಮಾಡಿ. "ಇಲ್ಲ", "ಸಾಕಿ", "ಗೆಳೆಯ", "ಇನ್ನೂ" ಥರದ ರೂಪ ಬದಲಾಗದ ಪದ ಎಷ್ಟು, ಕ್ರಿಯಾಪದ ಎಷ್ಟು? ಎಣಿಸಿ ನೋಡಿ.

ಇನ್ನೊಂದು ಇದೆ. ಹಳಗನ್ನಡ ಪದ್ಯದ ಪ್ರಾಸ ಸಾಲಿನ ಶುರುವಿನಲ್ಲಿ, ಎರಡನೇ ಅಕ್ಷರದಲ್ಲಿ ಬರುತ್ತಿತ್ತು. ಗಜಲ್ ಕೇಳುವುದು ಸಾಲಿನ ಕೊನೆಯ ಪ್ರಾಸ. ತಲೆಯಲ್ಲಿದ್ದ ಪ್ರಾಸ ಬಾಲಕ್ಕೆ ಬಂದಾಗ ಕನ್ನಡ ಸಾಲಿನ ನಡಿಗೆ ಏನಾಯಿತು? ಜರ್ಮನ್‌ನಲ್ಲಿ ಪ್ಲಾಟೆನ್‌ಗೆ ಎದುರಾದ ತೊಂದರೆ ಇದೇನಾ, ಬೇರೆಯಾ? ಇಂಥ ಪ್ರಶ್ನೆ ಕೇಳಿದಾಗ ಕನ್ನಡವನ್ನೂ ಜರ್ಮನ್ನನ್ನೂ ಒಟ್ಟಿಗೆ ಇಟ್ಟು ನೋಡಲು ಕಾರಣ ತಾನಾಗಿಯೇ ಸಿಗುತ್ತದೆ. "ಇವರಿಬ್ಬರನ್ನೇ ಯಾಕ ತಗೊಂಡ್ರಿ" ಅಂತ ಯಾರೂ ಕೇಳುವುದಿಲ್ಲ.

ಅನುವಾದ ಓದುವ ಅಭ್ಯಾಸವೂ ಹೀಗೇ. ಬಸವಣ್ಣನವರ "ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ" ಅನ್ನುವ ಸಾಲು ನಮಗೆಲ್ಲ ಬಾಯಿಪಾಠ. ಎ.ಕೆ. ರಾಮಾನುಜನ್ 1973ರ ತಮ್ಮ ಇಂಗ್ಲಿಷ್ ಅನುವಾದದಲ್ಲಿ ಅದನ್ನು ನಿಂತಿರುವುದು ಬೀಳುತ್ತದೆ, ಚಲಿಸುವುದು ಉಳಿಯುತ್ತದೆ ಎಂಬ ಅರ್ಥ ಬರುವ ಹಾಗೆ ಮಾಡಿದ್ದಾರೆ. ಅನುವಾದ ಸೊಗಸಾಗಿದೆ. ಆದರೆ ನಮ್ಮ ಕಡೆ ಹಳ್ಳಿಯಲ್ಲಿ "ಜಂಗಮರು ಬಂದಾರ" ಅಂದರೆ ಭಿಕ್ಷೆಗೆ ಬಂದ ಒಬ್ಬ ಮನುಷ್ಯ ಕಣ್ಣಮುಂದೆ ನಿಲ್ಲುತ್ತಾನೆ. ಇಂಗ್ಲಿಷಿನ ಆ ಸಾಲಿನಲ್ಲಿ ಅವನು ಕಾಣುವುದಿಲ್ಲ. ರಾಮಾನುಜನ್‌ಗೆ ಇದು ಗೊತ್ತಿತ್ತು, ಅದಕ್ಕೇ ಮುನ್ನುಡಿಯಲ್ಲಿ ಸ್ಥಾವರ ಜಂಗಮದ ಬಗ್ಗೆ ವಿಸ್ತಾರವಾಗಿ ಬರೆದರು. ಮೂಲ ಒಂದು ಕಡೆ, ಅನುವಾದ ಇನ್ನೊಂದು ಕಡೆ ಇಟ್ಟುಕೊಂಡು ಪದ ಪದಕ್ಕೆ ಗೆರೆ ಎಳೆಯಿರಿ. ಎಲ್ಲಿ ಗೆರೆ ಕೂಡುವುದಿಲ್ಲವೋ ಅಲ್ಲಿ ಗುರುತು ಹಾಕಿ. ವಾರಕ್ಕೆ ಒಂದು ಪುಟ ಸಾಕು.

ಜೊತೆಗೆ ನೀವೇ ಮೂರು ಪುಟ ಅನುವಾದ ಮಾಡಿ. ಪ್ರಕಟಿಸಲು ಅಲ್ಲ, ಕೈ ಪಳಗಲು. ಪ್ರಕಟಿಸುವುದಾದರೆ ಹಕ್ಕು ನೋಡಬೇಕು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆಗುವ ತನಕ ಅನುಮತಿ ಬೇಕು. ಇಂಗ್ಲಿಷ್ ಅನುವಾದದಿಂದ ಕನ್ನಡಕ್ಕೆ ತಂದರೆ ಆ ಇಂಗ್ಲಿಷ್ ಅನುವಾದಕರ ಹಕ್ಕೂ ಇರುತ್ತದೆ. ಇದನ್ನು ತುಂಬಾ ಜನ ಮರೆಯುತ್ತಾರೆ.

ಐದನೆಯದು: ಪುಸ್ತಕ ಎಲ್ಲಿ ಸಿಗುತ್ತವೆ

ಮೊದಲು ಶೋಧಗಂಗಾ ಜಾಲತಾಣ ನೋಡಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ವಿಷಯ ಯಾರಾದರೂ ಮಾಡಿದ್ದಾರಾ ಅಂತ ತಿಳಿಯಲು ಅದೇ ದಾರಿ. ಮಾಡಿದ್ದರೆ ಹೆದರಬೇಡಿ. ಅವರು ಎಲ್ಲಿ ನಿಲ್ಲಿಸಿದರು ಅಂತ ಕೊನೆಯ ಅಧ್ಯಾಯ ಓದಿ.

ಗುಲಬರ್ಗಾ ವಿಶ್ವವಿದ್ಯಾಲಯ 1980ರಿಂದ ಇದೆ, ಅದಕ್ಕೂ ಹತ್ತು ವರ್ಷ ಮುಂಚೆ ಧಾರವಾಡದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾಗಿತ್ತು. ಜ್ಞಾನಗಂಗಾ ಆವರಣದ ಗ್ರಂಥಾಲಯದಲ್ಲಿ ಕೂತು ಹಳೆಯ ಕನ್ನಡ ನಿಯತಕಾಲಿಕೆಗಳನ್ನು ತಿರುವಿ ಹಾಕಿ. ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರಲ್ಲಿ ಬಂದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ವಿದೇಶಿ ನಿಯತಕಾಲಿಕೆಗಳ ಲೇಖನ ಬೇಕಿದ್ದರೆ ನಿಮ್ಮ ಗ್ರಂಥಪಾಲಕರಿಗೆ "ಒಂದು ರಾಷ್ಟ್ರ ಒಂದು ಚಂದಾ" ಯೋಜನೆಯ ಬಗ್ಗೆ ಕೇಳಿ. 2025ರ ಜನವರಿಯಿಂದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸಾವಿರಾರು ನಿಯತಕಾಲಿಕೆಗಳು ಇದರಲ್ಲಿ ಸಿಗುತ್ತಿವೆ. ದುಡ್ಡು ಕೊಡಬೇಕಾಗಿಲ್ಲ.

ಮನೆಯಲ್ಲಿ ಮೊಬೈಲ್‌ನಲ್ಲೇ ಓದುವಂಥ ಜಾಲತಾಣಗಳೂ ಇವೆ. ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಅಂತ ಹುಡುಕಲು ವಚನ ಸಂಚಯ. ಉರ್ದು ಕಾವ್ಯಕ್ಕೆ ರೇಖ್ತಾ, ಅಲ್ಲಿ ನಾಗರಿ ಲಿಪಿಯಲ್ಲೂ ಓದಬಹುದು, ಪದ ಒತ್ತಿದರೆ ಅರ್ಥ ಬರುತ್ತದೆ. ಪಾರ್ಸಿ ಕವಿಗಳಿಗೆ ಗಂಜೂರ್. ಗ್ರೀಕ್, ಲ್ಯಾಟಿನ್ ಕೃತಿಗಳಿಗೆ ಪರ್ಸಿಯಸ್.

ಆದರೆ ನಮ್ಮ ಭಾಗದ ಹಳೆಯ ಕಾಗದಕ್ಕೆ ಹೈದರಾಬಾದಿಗೆ ಹೋಗಲೇಬೇಕು. 1948ರ ಸೆಪ್ಟೆಂಬರ್ ತನಕ ನಾವು ನಿಜಾಮರ ಸೀಮೆಯಲ್ಲಿದ್ದೆವು ಅಲ್ವಾ. ಸಾಲಾರ್ ಜಂಗ್ ಮ್ಯೂಸಿಯಂನ ಗ್ರಂಥಾಲಯದಲ್ಲಿ ಅರಬ್ಬಿ, ಪಾರ್ಸಿ, ಉರ್ದು ಹಸ್ತಪ್ರತಿಗಳ ದೊಡ್ಡ ಸಂಗ್ರಹ ಇದೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ತೌಲನಿಕ ಸಾಹಿತ್ಯಕ್ಕೇ ಒಂದು ಕೇಂದ್ರ ಇದೆ. ಹೋಗುವ ಮುಂಚೆ ನಿಮ್ಮ ವಿಭಾಗದ ಪತ್ರ, ಗುರುತಿನ ಚೀಟಿ, ಫೋಟೋ, ಪೆನ್ಸಿಲ್ ಇಟ್ಟುಕೊಳ್ಳಿ. ಹಸ್ತಪ್ರತಿ ಇರುವ ಕಡೆ ಪೆನ್ನು ಬೇಡ. ಬೇಕಾದ ಹಸ್ತಪ್ರತಿಯ ಸಂಖ್ಯೆಯನ್ನು ಕ್ಯಾಟಲಾಗ್ ನೋಡಿ ಮೊದಲೇ ಬರೆದುಕೊಂಡು ಹೋದರೆ ಒಂದು ದಿನ ಉಳಿಯುತ್ತದೆ.

ಓದಿದ ಕೂಡಲೇ ಪುಟ ಸಂಖ್ಯೆ, ಮುದ್ರಣದ ವರ್ಷ ಬರೆಯಿರಿ. ಝೆರಾಕ್ಸ್ ಮಾಡಿಸಿದರೆ ಶೀರ್ಷಿಕೆಯ ಪುಟವನ್ನೂ ಮಾಡಿಸಿ. ನನ್ನ ಹತ್ತಿರ ಈಗಲೂ ಮೂವತ್ತು ಹಾಳೆಯ ಒಂದು ಕಟ್ಟು ಇದೆ, ಯಾವ ಪುಸ್ತಕದ್ದು ಅಂತ ಗೊತ್ತಿಲ್ಲ. ಅದನ್ನು ಪ್ರಬಂಧದಲ್ಲಿ ಬಳಸಲು ಆಗಲೇ ಇಲ್ಲ.

ಆರನೆಯದು: ಪ್ರವೇಶ, ಗೈಡ್, ಕಾಗದಪತ್ರ

ಎಂ.ಎ.ಯಲ್ಲಿ ಶೇ. 55 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಬಾರದ ಹಿಂದುಳಿದ ವರ್ಗ, ಅಂಗವಿಕಲರು, ಆರ್ಥಿಕವಾಗಿ ಹಿಂದುಳಿದವರಿಗೆ ಶೇ. 5 ವಿನಾಯಿತಿ. ಯುಜಿಸಿಯ 2022ರ ನಿಯಮದ ಪ್ರಕಾರ ಕಡಿಮೆ ಅಂದರೆ ಮೂರು ವರ್ಷ, ಜಾಸ್ತಿ ಅಂದರೆ ಆರು ವರ್ಷ. ಮಹಿಳೆಯರಿಗೆ ಇನ್ನೂ ಎರಡು ವರ್ಷ ಸಿಗಬಹುದು. ಕೋರ್ಸ್‌ವರ್ಕ್ ಕಡ್ಡಾಯ. ಯುಜಿಸಿಯ ಅರ್ಹತಾ ಪರೀಕ್ಷೆ ಎನ್‌ಇಟಿಯಲ್ಲಿ (ನೆಟ್) ಕನ್ನಡ, ಇಂಗ್ಲಿಷ್, ಉರ್ದು ಇರುವ ಹಾಗೆ ತೌಲನಿಕ ಸಾಹಿತ್ಯವೂ ಒಂದು ಪ್ರತ್ಯೇಕ ವಿಷಯ. ನಮ್ಮ ಕಡೆಯ ತುಂಬಾ ಜನಕ್ಕೆ ಇದು ಗೊತ್ತೇ ಇಲ್ಲ. ಉಳಿದ ವಿವರಕ್ಕೆ ನೀವು ಸೇರಬೇಕಾದ ವಿಶ್ವವಿದ್ಯಾಲಯದ ಆ ವರ್ಷದ ಅಧಿಸೂಚನೆಯನ್ನೇ ಓದಿ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಮಾಡಿಸಿಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ, ಕೊನೆಯ ವಾರದಲ್ಲಿ ಓಡಾಡಬೇಡಿ.

ಗೈಡ್ ಹತ್ತಿರ ಹೋಗುವ ಮುಂಚೆ ಅವರಲ್ಲಿ ಸೀಟು ಖಾಲಿ ಇದೆಯಾ ತಿಳಿದುಕೊಳ್ಳಿ. ಪ್ರಾಧ್ಯಾಪಕರು ಒಂದು ಸಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ಬರಿಗೈಯಲ್ಲಿ ಹೋಗಿ "ಸರ್, ಒಂದ್ ಟಾಪಿಕ್ ಕೊಡ್ರಿ" ಅನ್ನಬೇಡಿ. ಎರಡು ಪುಟ ಬರೆದುಕೊಂಡು ಹೋಗಿ. ಅದರಲ್ಲಿ ನಾಲ್ಕೇ ಸಂಗತಿ ಇರಲಿ. ನಿಮ್ಮ ಪ್ರಶ್ನೆ. ಆ ಪ್ರಶ್ನೆ ಹುಟ್ಟಿಸಿದ ಒಂದು ಸಾಲೋ ಪದ್ಯವೋ. ನೀವು ಓದಬಲ್ಲ ಭಾಷೆಗಳು. ನಿಮಗೆ ಬಾರದ ಭಾಷೆಯನ್ನು ಹೇಗೆ ನಿಭಾಯಿಸುತ್ತೀರಿ ಅನ್ನುವುದು. ಕೊನೆಯದನ್ನು ಮುಚ್ಚಿಡಬೇಡಿ. "ಜರ್ಮನ್ ಬರುವುದಿಲ್ಲ, ಇಂಗ್ಲಿಷ್ ಅನುವಾದ ಎರಡನ್ನು ಹೋಲಿಸಿ ಓದುತ್ತೇನೆ, ಮೂಲದ ಪ್ರಾಸ ಮಾತ್ರ ಪರೀಕ್ಷಿಸುತ್ತೇನೆ" ಅಂತ ನೇರವಾಗಿ ಬರೆದರೆ ಯಾರೂ ಬೇಡ ಅನ್ನುವುದಿಲ್ಲ. ಕನ್ನಡ ವಿಭಾಗದ ಗೈಡ್ ಸಿಕ್ಕರೆ, ಉರ್ದು ಅಥವಾ ಇಂಗ್ಲಿಷ್ ವಿಭಾಗದವರನ್ನು ಸಹ ಮಾರ್ಗದರ್ಶಕರಾಗಿ ಕೇಳಬಹುದಾ ಅಂತ ವಿಚಾರಿಸಿ.

ಬೆರಳಚ್ಚಿನ ಒಂದು ಮಾತು

ಅಧ್ಯಾಯಗಳನ್ನು ಯುನಿಕೋಡ್‌ನಲ್ಲೇ ಟೈಪ್ ಮಾಡಿ. ನನ್ನ ಎರಡು ಅಧ್ಯಾಯ ಡಿಟಿಪಿ ಅಂಗಡಿಯಲ್ಲಿ ಹಳೆಯ ಫಾಂಟ್‌ನಲ್ಲಿ ಟೈಪ್ ಆಗಿದ್ದವು. ಬೇರೆ ಕಂಪ್ಯೂಟರ್‌ನಲ್ಲಿ ತೆರೆದರೆ ಅಕ್ಷರ ಎಲ್ಲ ಚಿಹ್ನೆಗಳಾಗಿ ಕಂಡವು. ಯುನಿಕೋಡ್‌ಗೆ ಬದಲಾಯಿಸಿದಾಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಟ್ಟವು, ತಿದ್ದಲು ಇಪ್ಪತ್ತು ದಿನ ಹಿಡಿಯಿತು. ಪಾರ್ಸಿ, ಉರ್ದು ಸಾಲುಗಳು ಬಲದಿಂದ ಎಡಕ್ಕೆ ಹೋಗುತ್ತವೆ, ಕನ್ನಡ ವಾಕ್ಯದ ನಡುವೆ ಹಾಕಿದರೆ ಅಡ್ಡಾದಿಡ್ಡಿ ಆಗುತ್ತದೆ. ಅವನ್ನು ಬೇರೆ ಸಾಲಿನಲ್ಲೇ ಇಡಿ. ಹೊರಗಿನ ಹೆಸರುಗಳಿಗೆ ಒಂದು ಪಟ್ಟಿ ಮಾಡಿ. ಒಂದು ಕಡೆ ಗಯಟೆ, ಇನ್ನೊಂದು ಕಡೆ ಗೊಯಥೆ ಅಂತ ಬರೆದರೆ ಓದುವವರಿಗೆ ಇಬ್ಬರು ಅನ್ನಿಸುತ್ತದೆ.

ತರಗತಿಯಲ್ಲಿ ಕಲಿಸುವವರಿಗೆ

ಪಠ್ಯಕ್ರಮದಲ್ಲಿ ಹೋಮರ್, ಡಾಂಟೆ, ಟಾಲ್‌ಸ್ಟಾಯ್ ಅಂತ ಹೆಸರುಗಳ ಸಾಲು ಇರುತ್ತದೆ. ಒಂದೊಂದು ಗಂಟೆಗೆ ಒಬ್ಬೊಬ್ಬರ ಜೀವನ, ಕೃತಿಗಳ ಪಟ್ಟಿ, ಕಥೆಯ ಸಾರಾಂಶ ಹೇಳಿ ಮುಗಿಸುವುದು ಸುಲಭ. ಆದರೆ ವಿದ್ಯಾರ್ಥಿಯ ಕೈಗೆ ಒಂದು ಸಾಲೂ ಸಿಗುವುದಿಲ್ಲ. ಸಾರಾಂಶ ಕಡಿಮೆ ಮಾಡಿ, ಒಂದು ಪುಟ ಗಟ್ಟಿಯಾಗಿ ಓದಿಸಿ. ಕನ್ನಡದಲ್ಲಿ ಒಳ್ಳೆಯ ಅನುವಾದಗಳಿವೆ. ಬಿ.ಎಂ.ಶ್ರೀ. ಇಂಗ್ಲಿಷ್ ಗೀತೆಗಳನ್ನು ತಂದಿದ್ದಾರೆ, ಲಂಕೇಶ್ ಬೋದಿಲೇರ್‌ನನ್ನೂ ಸಾಫೊಕ್ಲೀಸ್‌ನ ಈಡಿಪಸ್‌ನನ್ನೂ ತಂದಿದ್ದಾರೆ. ಕನ್ನಡದಿಂದ ಹೊರಗೆ ಹೋಗುವುದರ ಉದಾಹರಣೆಯೂ ಕೊಡಿ. ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳು ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದವು ಅಂದಾಗ ತರಗತಿಯ ಕಣ್ಣು ಅರಳುವುದನ್ನು ನಾನು ನೋಡಿದ್ದೇನೆ.

ನಾನು ಮೊದಲ ತರಗತಿ ಹೀಗೆ ಮಾಡುತ್ತೇನೆ. ಬೋರ್ಡಿನ ಮೇಲೆ ಒಂದು ಉರ್ದು ಶೇರ್ ಕನ್ನಡ ಲಿಪಿಯಲ್ಲಿ ಬರೆಯುತ್ತೇನೆ. ಅರ್ಥ ಹೇಳುವುದಿಲ್ಲ. ಮನೆಯಲ್ಲಿ ದಖನಿ ಮಾತಾಡುವವರು ಯಾರಾದರೂ ಎದ್ದು ಓದುತ್ತಾರೆ, ಅವರೇ ಅರ್ಥ ಹೇಳುತ್ತಾರೆ. ಯಾವಾಗಲೂ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರುವ ಹುಡುಗ ಅವತ್ತು ಎಲ್ಲರಿಗೂ ಮೇಷ್ಟ್ರು ಆಗುತ್ತಾನೆ. ಆಮೇಲೆ ಎಲ್ಲರೂ ಸೇರಿ ಅದನ್ನು ಕನ್ನಡಕ್ಕೆ ತರುತ್ತೇವೆ. ಐದಾರು ಬೇರೆ ಬೇರೆ ಅನುವಾದ ಬರುತ್ತವೆ. ಯಾವುದು ಸರಿ ಅಂತ ಜಗಳ ಆಗುತ್ತದೆ. ಆ ಜಗಳವನ್ನು ಇಪ್ಪತ್ತು ನಿಮಿಷ ಬಿಡಿ, ತಡೆಯಬೇಡಿ. ಹಾಫಿಜ್, ಹಡಗು, ಬಿರುಗಾಳಿಯ ಕಥೆ ಹೇಳುವುದು ಅದಾದ ಮೇಲೆ.

ಮನೆಗೆಲಸಕ್ಕೆ ಸಾರಾಂಶ ಬರೆದು ತನ್ನಿ ಅನ್ನಬೇಡಿ. ಮನೆಯಲ್ಲಿ ಅಜ್ಜಿಯೋ ಚಿಕ್ಕವ್ವನೋ ಹಾಡುವ ನಾಲ್ಕು ಸಾಲು ತರಲು ಹೇಳಿ. ಯಾವ ಭಾಷೆಯಾದರೂ ಸರಿ, ಕನ್ನಡ ಅಕ್ಷರದಲ್ಲಿ ಬರೆದು ಕೆಳಗೆ ಅರ್ಥ ಬರೆಯಲಿ. ಮೇಲೆ ಊರು, ಭಾಷೆ, ತಾರೀಕು ಇರಲಿ. ಹಾಡಿದವರನ್ನು ಕೇಳಿ, ಒಪ್ಪಿದರೆ ಮಾತ್ರ ಅವರ ಹೆಸರು ಹಾಕಲಿ. ಎಲ್ಲ ಹಾಳೆಗಳನ್ನು ಒಂದು ಫೈಲಿನಲ್ಲಿ ಹಾಕಿ ವಿಭಾಗದ ಬೀರುವಿನಲ್ಲಿಡಿ. ಮುಂದಿನ ವರ್ಷ ಆ ಫೈಲಿನಿಂದಲೇ ಒಂದು ಲಂಬಾಣಿ ಹಾಡು, ಒಂದು ಮರಾಠಿ ಓವಿ (ಜನಪದ ಹಾಡು) ಆರಿಸಿಕೊಂಡು ಪಾಠ ಶುರು ಮಾಡಬಹುದು.